ನಿದ್ದೆ ಹೇಳಿಯೇ ಬರುತ್ತದೆ

ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂದು ನಮ್ಮಮ್ಮ ಹೇಳುತ್ತಿದ್ದಳು. ನೆಂಟರು ಮರೆತ ಚೀಲ ನಮ್ಮ ಕೈಯಲ್ಲೇ ಇದ್ದರೂ ಕೂಗುವಂತಿರಲಿಲ್ಲ. ಓಡಿಹೋಗಿ ಅವರ ಮುಂದೆ ನಿಂತು ಕೊಡಬೇಕಿತ್ತು. ಹರಿಹರಪುರದ ನಮ್ಮ ಮನೆಯಲ್ಲಿ ಈಗಲೂ ಆ ರೂಢಿ ಉಳಿದಿದೆ. ಒಂದು ವಿಷಯದಲ್ಲಿ ಮಾತ್ರ ನಾನು ಅದನ್ನು ಮುರಿಯುತ್ತೇನೆ. ರಾತ್ರಿ ಊಟ ಮುಗಿಸಿ, "ಬೆಳಿಗ್ಗೆ ಆಫೀಸಿದೆ, ಈಗ ಹೊರಟರೆ ನಸುಕಿಗೆ ಬೆಂಗಳೂರು ಮುಟ್ಟಬಹುದು" ಎಂದು ಕಾರಿನ ಕೀಲಿ ಹಿಡಿದವರನ್ನು ಹಿಂದಿನಿಂದಲೇ ಕರೆಯುತ್ತೇನೆ. "ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದ್ದೆ?" ಎಂದು ಕೇಳುತ್ತೇನೆ.

"ಅಜ್ಜಯ್ಯನ ಪಾಟೀಸವಾಲು ಶುರುವಾಯ್ತು" ಎಂದು ಹುಡುಗರು ನಗುತ್ತಾರೆ. ನಗಲಿ. ಮೂವತ್ತು ವರ್ಷ ಕೊಪ್ಪದಲ್ಲಿ ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದವನು ನಾನು. ಅಪಘಾತ ಪರಿಹಾರದ ಕೇಸುಗಳ ಕಟ್ಟುಗಳನ್ನು ಬಿಚ್ಚಿ, ಜೋಡಿಸಿ, ದಾರ ಕಟ್ಟಿಯೇ ನನ್ನ ಬೆರಳು ಸವೆದಿವೆ. ಆ ಫೈಲುಗಳಲ್ಲಿ ಕಾರಣ ಬರೆಯುವ ಕಡೆ "ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ" ಎಂಬ ಮಾತೇ ಹೆಚ್ಚು. ನಿದ್ದೆ ಎಂಬ ಪದ ಬಲು ಅಪರೂಪ. ಕುಡಿದವನನ್ನು ಹಿಡಿಯಲು ವಾಸನೆಯಿದೆ, ಊದಿಸುವ ಯಂತ್ರವಿದೆ. ತೂಕಡಿಸಿದವನನ್ನು ಹಿಡಿಯಲು ಏನಿದೆ? ಗಾಡಿ ಮರಕ್ಕೆ ಬಡಿದ ಕ್ಷಣದಲ್ಲೇ ಅವನಿಗೆ ಪೂರ್ತಿ ಎಚ್ಚರವಾಗಿರುತ್ತದೆ.

ಹೀಗೆ ಕಾಗದದಲ್ಲಿ ಕಾಣದ ನಿದ್ದೆ ನಮ್ಮ ಕೇರಿಯಲ್ಲೇ ಕಾಣಿಸಿಕೊಂಡಿತು. ಹೆಸರು ಬೇಡ. ನಮ್ಮ ಮನೆಯಿಂದ ಮೂರನೇ ಮನೆಯ ಹೆಣ್ಣುಮಗಳು ಹೊಲಿಗೆ ಮಾಡುತ್ತಾಳೆ. ಊರಿನ ಅರ್ಧ ಮಕ್ಕಳ ಯೂನಿಫಾರ್ಮು ಅವಳದೇ ಕೈಯದು. ಘಟ್ಟದ ಕೆಳಗಿನ ಒಂದು ಮದುವೆಗೆ ಅವಳ ಮನೆಯವರು ಊರಿನ ಟ್ಯಾಕ್ಸಿ ಮಾಡಿಕೊಂಡು ಹೋಗಿದ್ದರು. ಗಾಡಿಯ ಯಜಮಾನನೇ ಚಾಲಕ, ಅವನೂ ನಮ್ಮೂರವನೇ. ಹಿಂದಿನ ರಾತ್ರಿ ಯಾರನ್ನೋ ಬೆಂಗಳೂರಿಗೆ ಬಿಟ್ಟು ಬಂದವನು ಸ್ನಾನ ಮಾಡಿ, ತಿಂಡಿ ತಿಂದು, ಹಾಗೆಯೇ ಮದುವೆಗೆ ಹೊರಟಿದ್ದ. ಆರತಕ್ಷತೆ ಮುಗಿದು ವಾಪಸು ಹೊರಟಾಗ ರಾತ್ರಿ ಹನ್ನೆರಡು ದಾಟಿತ್ತು. ಆಗುಂಬೆ ಘಾಟಿಯ ಹದಿನಾಲ್ಕು ಸುತ್ತು ತಿರುವುಗಳನ್ನು ಚೆನ್ನಾಗಿಯೇ ಹತ್ತಿಸಿದ. ತಿರುವಿನಲ್ಲಿ ಜೀವಭಯ ಮೈಯನ್ನು ಎಚ್ಚರವಾಗಿ ಇಟ್ಟಿರುತ್ತದೆ. ಘಾಟಿ ಮುಗಿದು ರಸ್ತೆ ಸಲೀಸಾಯಿತು, ತಣ್ಣನೆ ಗಾಳಿ ಬೀಸಿತು, ಹಿಂದಿನ ಸೀಟಿನವರೆಲ್ಲ ಗೊರಕೆ ಹೊಡೆಯುತ್ತಿದ್ದರು. ಊರು ಮುಟ್ಟಲು ಇನ್ನೊಂದು ಗಂಟೆಯೂ ಇರಲಿಲ್ಲ. ಕಾರು ಮೆಲ್ಲಗೆ ರಸ್ತೆ ಬಿಟ್ಟು ಹೋಗಿ ಮೋರಿಯ ಕಟ್ಟೆಗೆ ಬಡಿಯಿತು. ಬ್ರೇಕಿನ ಗುರುತೂ ಇರಲಿಲ್ಲ.

ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಆದರೆ ಅವಳ ಬಲಗಾಲು ಮಂಡಿಯ ಕೆಳಗೆ ಎರಡು ಕಡೆ ಮುರಿಯಿತು. ರಾಡ್ ಹಾಕಿದರು. ಆರು ತಿಂಗಳಾದರೂ ಪಾದ ಮಡಚಲು ಆಗುತ್ತಿರಲಿಲ್ಲ. ಹೊಲಿಗೆ ಮೆಷಿನ್ನಿನ ಪೆಡಲ್ ತುಳಿಯುವವಳಿಗೆ ಪಾದವೇ ಅನ್ನ.

ಅವಳನ್ನು ನೋಡಿಕೊಂಡು ಬಂದ ದಿನ ಏಳನೇ ಕ್ಲಾಸಿನ ನನ್ನ ಮೊಮ್ಮಗಳು ಕೇಳಿದಳು: "ಅಜ್ಜಯ್ಯ, ನಿದ್ದೆ ಬಂದವನಿಗೆ ಏನೂ ಗೊತ್ತಿರದಿಲ್ಲ ಅಲ್ದಾ? ಗೊತ್ತಿಲ್ಲದೆ ಆಗಿದ್ದು ಅವನ ತಪ್ಪು ಹೆಂಗಾಗ್ತದೆ?"

ದೊಡ್ಡವರೂ ಇದನ್ನೇ ಕೇಳುತ್ತಾರೆ, ಆದರೆ ಬೇರೆ ಮಾತಿನಲ್ಲಿ. "ಎಂತ ಮಾಡದು, ಹಣೆಬರಹ" ಎನ್ನುತ್ತಾರೆ. ಈ ಪ್ರಶ್ನೆ ಕೋರ್ಟಿನ ಮುಂದೆಯೂ ಬಂದಿದೆ. ಇಂಗ್ಲೆಂಡಿನಲ್ಲಿ ರಾತ್ರಿಪಾಳಿ ಮುಗಿಸಿ ಕಾರಿನಲ್ಲಿ ಮನೆಗೆ ಹೊರಟ ಒಬ್ಬ ಕೆಲಸಗಾರ ದಾರಿಯಲ್ಲಿ ನಿದ್ದೆಹೋಗಿ, ರಸ್ತೆಯಲ್ಲಿ ಸಾಗುತ್ತಿದ್ದ ಸೈನಿಕರ ಮೇಲೆ ಗಾಡಿ ನುಗ್ಗಿಸಿದ. ಕೆಳಗಿನ ಕೋರ್ಟು ಅವನನ್ನು ಬಿಟ್ಟುಬಿಟ್ಟಿತು. 1945ರಲ್ಲಿ ಮೇಲಿನ ಕೋರ್ಟು ಅದನ್ನು ಒಪ್ಪಲಿಲ್ಲ. ನಿದ್ದೆ ಹತ್ತಿದ ಮೇಲೆ ಮಾಡಿದ್ದಕ್ಕೆ ಅವನು ಹೊಣೆಯಲ್ಲ ಎಂದೇ ಇಟ್ಟುಕೊಳ್ಳೋಣ; ಆದರೆ ನಿದ್ದೆ ಬರುತ್ತಿದೆ ಎಂದು ಗೊತ್ತಾದಾಗ ಅವನು ಎಚ್ಚರವಾಗಿದ್ದನಲ್ಲ, ಆಗಲೇ ಗಾಡಿ ನಿಲ್ಲಿಸಬೇಕಿತ್ತು. ಆ ತೀರ್ಪಿನ ತಿರುಳು ಇದು. 1958ರ ಇನ್ನೊಂದು ಪ್ರಕರಣದಲ್ಲಿ ಅಲ್ಲಿನ ಮುಖ್ಯ ನ್ಯಾಯಮೂರ್ತಿಗಳು ಇದನ್ನೇ ಮತ್ತೆ ಹೇಳಿದರು.

ಮೊಮ್ಮಗಳಿಗೆ ನಾನು ಹೇಳಿದ್ದೂ ಅಷ್ಟೇ: "ಪುಟ್ಟೀ, ನಿದ್ದೆ ಕಳ್ಳನ ಹಾಗೆ ಬರುವುದಿಲ್ಲ. ನೆಂಟರ ಹಾಗೆ ಹೇಳಿ ಕಳಿಸಿಯೇ ಬರುತ್ತದೆ. ಮೊದಲು ಆಕಳಿಕೆ, ಆಮೇಲೆ ಕಣ್ಣುರಿ, ಆಮೇಲೆ ರೆಪ್ಪೆ ಭಾರ. ಈಗಷ್ಟೇ ದಾಟಿದ ಊರು ಯಾವುದು ಅಂತ ನೆನಪಾಗುವುದಿಲ್ಲ. ಗಾಡಿ ಬಿಳಿಗೆರೆಯ ಕಡೆ ಸರಿಯುತ್ತದೆ. ಇಷ್ಟು ಸಲ ಬಾಗಿಲು ತಟ್ಟಿದ ಮೇಲೂ ಓಡಿಸಿದರೆ ಅದು ಅವನೇ ಮಾಡಿದ ತೀರ್ಮಾನ."

ನಮ್ಮ ದೇಶದ 1988ರ ಮೋಟಾರು ವಾಹನ ಕಾಯ್ದೆ ಕುಡಿದು ಓಡಿಸುವುದಕ್ಕೆ ಬೇರೆ ಕಲಮೇ ಇಟ್ಟಿದೆ. ತೂಕಡಿಕೆಗೆಂದು ಅಂಥ ಕಲಮಿಲ್ಲ. ಹಾಗೆಂದು ಅದು ತಪ್ಪಲ್ಲ ಎಂದು ತಿಳಿಯಬಾರದು. ನಿರ್ಲಕ್ಷ್ಯ ಎಂಬ ದೊಡ್ಡ ಮಾತಿನೊಳಗೆ ಅದೂ ಸೇರುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ, ನಿರ್ಲಕ್ಷ್ಯದಿಂದ ಒಬ್ಬರ ಸಾವಿಗೆ ಕಾರಣನಾದವನಿಗೆ ಐದು ವರ್ಷದವರೆಗೂ ಸೆರೆಯಾಗಬಹುದು. ಅಮೆರಿಕದ ನ್ಯೂಜೆರ್ಸಿ ರಾಜ್ಯ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ 1997ರಲ್ಲಿ, ಮೂವತ್ತು ಗಂಟೆ ನಿದ್ದೆಯಿಲ್ಲದ ಚಾಲಕನೊಬ್ಬ ಮ್ಯಾಗಿ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿನಿಯ ಕಾರಿಗೆ ಗುದ್ದಿದ. ಅವಳು ತೀರಿಕೊಂಡಳು. ಅವನಿಗೆ ಬಿದ್ದದ್ದು ಬರೀ 200 ಡಾಲರ್ ದಂಡ. ಅವಳ ತಾಯಿ ಸುಮ್ಮನೆ ಕೂರಲಿಲ್ಲ. 2003ರಲ್ಲಿ ಅಲ್ಲಿ ಬಂದ ಕಾನೂನು, ಇಪ್ಪತ್ತನಾಲ್ಕು ಗಂಟೆ ನಿದ್ದೆಯಿಲ್ಲದೆ ಗಾಡಿ ಓಡಿಸಿ ಸಾವು ತಂದರೆ ಅದನ್ನು ಉದ್ಧಟ ಚಾಲನೆಯೆಂದೇ ಪರಿಗಣಿಸಬಹುದು ಎಂದಿತು. ಆ ಕಾನೂನಿಗೆ ಜನ ಮಗಳ ಹೆಸರನ್ನೇ ಇಟ್ಟು ಕರೆಯುತ್ತಾರೆ.

ದೂರದ ಮಾತು ಬೇಡವೆನ್ನುವವರು ನಮ್ಮ ಪಕ್ಕದ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯನ್ನು ನೆನೆಯಬಹುದು. 2024ರ ಜೂನ್ 28ರ ನಸುಕಿನಲ್ಲಿ, ದೇವರ ದರ್ಶನ ಮುಗಿಸಿ ಮರಳುತ್ತಿದ್ದ ಆ ಊರಿನವರ ಟೆಂಪೋ ಟ್ರಾವೆಲರ್ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಹಿಂದಿನಿಂದ ಬಡಿಯಿತು. ಹದಿಮೂರು ಜನ ಹೋದರು. ಚಾಲಕ ನಿದ್ದೆಗೆ ಜಾರಿರಬಹುದು ಎಂಬ ಶಂಕೆ ಆಗ ಪತ್ರಿಕೆಗಳಲ್ಲಿ ಬಂದಿತ್ತು. ನಸುಕು ಎಂಬ ಆ ಹೊತ್ತನ್ನು ಗಮನಿಸಿ. ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ನಮ್ಮ ಮೈಯೊಳಗಿನ ಗಡಿಯಾರ ಮಲಗು ಮಲಗು ಎನ್ನುತ್ತಿರುತ್ತದೆ. ಮಧ್ಯಾಹ್ನದ ಊಟದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ.

ನಮ್ಮ ಕೇರಿಯ ಕಥೆಗೆ ಬರೋಣ. ಮರುದಿನ ಪೊಲೀಸ್ ಠಾಣೆಗೆ ದೂರು ಬರೆದುಕೊಡಬೇಕಿತ್ತು. ನಾಲ್ಕು ಜನ ಹಿರಿಯರು ಸೇರಿ ಒಂದು ಉಪಾಯ ಮಾಡಿದರು. "ದನ ಅಡ್ಡ ಬಂತು, ತಪ್ಪಿಸಲು ಹೋಗಿ ಹೀಗಾಯ್ತು ಅಂತ ಬರೆದರಾಯ್ತು. ಪಾಪ, ಊರ ಹುಡುಗ, ಎರಡು ಮಕ್ಕಳೊಂದಿಗ." ಅವಳ ಗಂಡನೂ ಒಪ್ಪಿದ. ನನ್ನನ್ನು ಕರೆದದ್ದು ಕಾಗದ ಬರೆಯಲಿಕ್ಕೆ.

ಆ ಕಾಗದ ನಾನು ಬರೆಯಲಿಲ್ಲ. ಕಾರಣವನ್ನೂ ಹೇಳಿದೆ. ಗಾಯಾಳು ಪೂರ್ತಿ ಪರಿಹಾರ ಕೇಳುವುದು ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಲ್ಲಿ. ಅಲ್ಲಿ ಚಾಲಕನ ನಿರ್ಲಕ್ಷ್ಯ ತೋರಿಸಬೇಕು. ದನದ ಮೇಲೆ ತಪ್ಪು ಹೊರಿಸಿದರೆ ಚಾಲಕನ ತಪ್ಪೇನೂ ಇಲ್ಲ ಎಂದು ನಾವೇ ಬರೆದುಕೊಟ್ಟಂತೆ. ನಾಳೆ ವಿಮೆ ಕಂಪನಿಯ ವಕೀಲರು ಅದೇ ಕಾಗದ ಎತ್ತಿ ಹಿಡಿಯುತ್ತಾರೆ. ತಪ್ಪಿನ ಪ್ರಶ್ನೆಯೇ ಇಲ್ಲದೆ ಸಿಗುವ ಪರಿಹಾರವೂ ಒಂದಿದೆ, 164ನೇ ಕಲಮಿನದು. ಆದರೆ ಅದು ಗೊತ್ತುಪಡಿಸಿದ ಮೊತ್ತ: ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಸಾವಿಗೆ ಐದು ಲಕ್ಷ. ಜೀವಮಾನದ ದುಡಿಮೆ ಹೋದವಳಿಗೆ ಅದು ಎಷ್ಟು ದಿನ ಬಂದೀತು?

"ಹಂಗಾದ್ರೆ ಅವನ ಮನೆ ಮಾರಿಸದಾ ಅಣ್ಣಯ್ಯ?" ಎಂದು ಹಾಸಿಗೆಯ ಮೇಲಿಂದಲೇ ಅವಳು ಕೇಳಿದಳು. ಕಾಲು ಮುರಿದುಕೊಂಡವಳೇ ಹೀಗೆ ಕೇಳಿದ್ದು ನನ್ನ ಕಣ್ಣು ತೇವ ಮಾಡಿತು.

"ಇಲ್ಲ ತಂಗೀ" ಎಂದೆ. "ಅವನದು ಹಳದಿ ಬೋರ್ಡಿನ ಗಾಡಿ. ಲೈಸೆನ್ಸು, ಪರ್ಮಿಟ್ಟು, ವಿಮೆ ಎಲ್ಲ ಸರಿಯಾಗಿವೆ. ಬಾಡಿಗೆ ಗಾಡಿಯಲ್ಲಿ ಕೂತ ಪ್ರಯಾಣಿಕರಿಗೆ ಆಗುವ ಗಾಯಕ್ಕೆ ವಿಮೆ ಇರಲೇಬೇಕು ಅಂತ ಕಾಯ್ದೆಯೇ ಹೇಳ್ತದೆ. ಅವನು ವರ್ಷ ವರ್ಷ ಕಂತು ಕಟ್ಟಿದ್ದು ಇಂಥ ದಿನಕ್ಕೇ. ಕೊಡುವುದು ಕಂಪನಿ."

ಅಷ್ಟರಲ್ಲಿ ಚಾಲಕನೇ ಬಂದ. ಹಣೆಗೆ ಪಟ್ಟಿ ಇತ್ತು. ದನದ ಮಾತು ಕೇಳಿದವನು ಬಾಗಿಲ ಬಳಿ ನಿಂತೇ ಹೇಳಿದ: "ದನ ಬಂದಿಲ್ಲ ಅಣ್ಣಯ್ಯ. ಘಾಟಿ ಹತ್ತಿದ ಮೇಲೆ ಎರಡು ಸಲ ಕಣ್ಣು ಎಳೀತು. ಕವಳ ಹಾಕ್ಕಂಡೆ. ಇನ್ನೇನು ಊರು ಬಂತಲ್ಲ ಅಂತ ಬಿಟ್ಟೆ." ಇಂಗ್ಲೆಂಡಿನ ಕೋರ್ಟು ಹೇಳಿದ್ದೂ ಈ ಎರಡು ಸಲದ ಬಗ್ಗೆಯೇ.

ನಡೆದದ್ದನ್ನು ನಡೆದ ಹಾಗೆ ಬರೆದೆವು. ಅವನು ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿ ದಂಡ ಕಟ್ಟಿದ. ಪರಿಹಾರದ ಅರ್ಜಿ ಬೇರೆಯಾಗಿ ನಡೆಯಿತು. ಈ ಅರ್ಜಿಯನ್ನು ಅಪಘಾತ ಆದ ಜಾಗದಲ್ಲೇ ಹಾಕಬೇಕೆಂದಿಲ್ಲ; ಗಾಯಾಳು ವಾಸಿಸುವ ಊರಿನ ವ್ಯಾಪ್ತಿಯ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲೂ ಹಾಕಬಹುದು. ಆದರೆ 2022ರ ಏಪ್ರಿಲ್‌ನಿಂದ ಜಾರಿಯಾದ ತಿದ್ದುಪಡಿ ಆರು ತಿಂಗಳೊಳಗೆ ಹಾಕಬೇಕೆನ್ನುತ್ತದೆ. "ಕಾಲು ವಾಸಿಯಾಗಲಿ, ಆಮೇಲೆ ನೋಡೋಣ" ಎನ್ನುತ್ತ ಕೂರಬಾರದು. ಆಸ್ಪತ್ರೆಯ ಬಿಲ್ಲು, ಔಷಧಿ ಚೀಟಿ, ಎಕ್ಸ್‌ರೇ, ಓಡಾಟದ ಬಾಡಿಗೆ ರಸೀದಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಟ್ಟುಕೊಳ್ಳಬೇಕು. ಆ ಚೀಲವೇ ಕೋರ್ಟಿನಲ್ಲಿ ಮಾತಾಡುವುದು.

ವೈದ್ಯರು ಕಾಲಿನ ಊನವನ್ನು ಶೇಕಡಾ ಇಷ್ಟು ಎಂದು ಬರೆಯುತ್ತಾರೆ. ಪರಿಹಾರ ಅಷ್ಟಕ್ಕೇ ನಿಲ್ಲುವುದಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ಇದನ್ನು ಶಾಲೆಯ ಮಕ್ಕಳಿಗೂ ತಿಳಿಯುವಂತೆ ವಿವರಿಸಿದೆ. ಎಡಗೈ ಕಳೆದುಕೊಂಡವನು ಬಡಗಿಯೋ ಚಾಲಕನೋ ಆಗಿದ್ದರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿಯೇ ಹೋದಂತೆ. ಅದೇ ಸರಕಾರಿ ಕಚೇರಿಯ ಗುಮಾಸ್ತನಾದರೆ ಕೆಲಸ ಉಳಿಯಬಹುದು. ಗಾಯ ಒಂದೇ, ನಷ್ಟ ಬೇರೆ. ಹಾಗಾಗಿ ನಮ್ಮ ಹೊಲಿಗೆಯವಳ ಮೆಷಿನ್ನಿನ ಫೋಟೋ, ಬಟ್ಟೆ ಕೊಟ್ಟವರ ಸಾಕ್ಷಿ, ಅವಳು ಬರೆದಿಡುತ್ತಿದ್ದ ಅಳತೆ ಪುಸ್ತಕ ಎಲ್ಲ ಕೋರ್ಟಿಗೆ ಹೋದವು. ಬಂದ ಹಣದಲ್ಲಿ ಸಾಲ ತೀರಿಸಿ, ಕಾಲಿನಲ್ಲಿ ತುಳಿಯಬೇಕಿಲ್ಲದ ಮೋಟಾರಿನ ಮೆಷಿನ್ ತಂದಳು. ಅದನ್ನು ನಡೆಸುವ ಗುಂಡಿಯನ್ನು ಈಗ ಎಡಗಾಲಿನಲ್ಲಿ ಒತ್ತುತ್ತಾಳೆ. ಕುಂಟು ಉಳಿದಿದೆ. ದಿನಕ್ಕೆ ಹತ್ತು ಬಟ್ಟೆ ಹೊಲಿಯುತ್ತಿದ್ದವಳು ನಾಲ್ಕಕ್ಕೆ ಸುಸ್ತಾಗುತ್ತಾಳೆ. ಕಳೆದ ಜೂನ್‌ನಲ್ಲಿ ಆ ಚಾಲಕನ ಮಗಳ ಶಾಲೆಯ ಲಂಗ ಹೊಲಿದವಳೂ ಅವಳೇ. ದನದ ಸುಳ್ಳು ಬರೆದಿದ್ದರೆ ಈ ಎರಡು ಮನೆಗಳ ನಡುವೆ ಮಾತು ಉಳಿಯುತ್ತಿತ್ತೋ ಇಲ್ಲವೋ ನನಗೆ ಅನುಮಾನ.

ಸ್ವಂತ ಕಾರಿನವರಿಗೂ ಒಂದೆರಡು ಮಾತು ಹೇಳಬೇಕು. ಬರೀ ಕಡ್ಡಾಯದ 'ಥರ್ಡ್ ಪಾರ್ಟಿ' ವಿಮೆ ಮಾಡಿಸಿದ ಮನೆಬಳಕೆಯ ಕಾರಿನಲ್ಲಿ, ಒಳಗೆ ಕೂತ ನಮ್ಮವರಿಗೆ ಸಾಮಾನ್ಯವಾಗಿ ರಕ್ಷಣೆ ಇರುವುದಿಲ್ಲ. 'ಪ್ಯಾಕೇಜ್' ಪಾಲಿಸಿಯಾದರೆ ಇರುತ್ತದೆ. ಬಿಳಿ ಬೋರ್ಡಿನ ಕಾರನ್ನು ಕಡಿಮೆ ಬಾಡಿಗೆಗೆ ಸಿಕ್ಕಿತೆಂದು ಹಿಡಿದರೆ, ವಿಮೆ ಕಂಪನಿ ತನಗೆ ಸಂಬಂಧವಿಲ್ಲ ಎಂದು ವಾದಿಸುತ್ತದೆ. ಮತ್ತೊಂದು ಕಹಿ ಸತ್ಯ: ತನ್ನದೇ ನಿರ್ಲಕ್ಷ್ಯದಿಂದ ಚಾಲಕ ಸತ್ತರೆ ಅವನ ಹೆಂಡತಿ ಮಕ್ಕಳು 166ನೇ ಕಲಮಿನಲ್ಲಿ ಪರಿಹಾರ ಕೇಳುವಂತಿಲ್ಲ. 2014ರಲ್ಲಿ ಅರಸೀಕೆರೆ ಕಡೆಗೆ ಹೊರಟಿದ್ದ ಒಬ್ಬರು ತಾವೇ ಓಡಿಸುತ್ತಿದ್ದ ಕಾರು ಮಗುಚಿ ತೀರಿಕೊಂಡರು. ಅತಿವೇಗ ಅಲ್ಲಿನ ಕಾರಣ. ಮನೆಯವರ ಅರ್ಜಿಯನ್ನು ನಮ್ಮ ಹೈಕೋರ್ಟು ತಳ್ಳಿಹಾಕಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಅದನ್ನು ಬದಲಿಸಲಿಲ್ಲ. ನಿದ್ದೆಗೂ ಇದೇ ಲೆಕ್ಕ. ಮಾಲೀಕನೇ ಚಾಲಕನಾಗಿದ್ದರೆ ಅವನ ಹೆಸರಿನ 15 ಲಕ್ಷದ ಅಪಘಾತ ವಿಮೆ ಇದೆಯೇ ಎಂದಾದರೂ ಪಾಲಿಸಿಯಲ್ಲಿ ನೋಡಿಟ್ಟುಕೊಳ್ಳಿ.

ಕಾನೂನು ಬರುವುದು ಕಾಲು ಮುರಿದ ಮೇಲೆ. ಅದಕ್ಕೆ ಮೊದಲೇ ಮಾಡಬಹುದಾದ್ದು ನಮ್ಮ ನಿಮ್ಮ ಕೈಯಲ್ಲಿದೆ. ನಮ್ಮೂರಿಗೆ ತುಂಗೆಯ ದಡದ ಮಠದ ದರ್ಶನಕ್ಕೆಂದು ಬಯಲುಸೀಮೆಯಿಂದ ಟೆಂಪೋಗಳು ಬರುತ್ತವೆ. ಧರ್ಮಸ್ಥಳ, ಹೊರನಾಡು, ಶೃಂಗೇರಿ, ಇಲ್ಲಿಂದ ಆಗುಂಬೆ ಇಳಿದು ಉಡುಪಿ, ಕೊಲ್ಲೂರು. ಎಲ್ಲವೂ ಎರಡು ದಿನದಲ್ಲಿ ಆಗಬೇಕು. ಯಾತ್ರಿಕರು ರಾತ್ರಿ ಗಾಡಿಯಲ್ಲೇ ಮಲಗುತ್ತಾರೆ. ಓಡಿಸುವವನು ಯಾವಾಗ ಮಲಗಬೇಕು? 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯೇ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದು ಹೇಳಿತ್ತು. ಆದರೆ ಅದನ್ನು ಮಾಡಿದ್ದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಒಂದೇ ಗಾಡಿಯಿಟ್ಟು ತಾನೇ ಓಡಿಸುವವನ ಗಂಟೆ ಎಣಿಸುವವರು ಯಾರೂ ಇಲ್ಲ. ಬಾಡಿಗೆ ಕೊಡುವ ನಾವೇ ಎಣಿಸಬೇಕು. ಗಾಡಿ ಗೊತ್ತುಮಾಡುವಾಗ ಕಿಲೋಮೀಟರಿಗೆ ಎಷ್ಟು ಎಂದು ಕೇಳುವ ಬಾಯಲ್ಲೇ, "ನಿನ್ನೆ ರಾತ್ರಿ ಟ್ರಿಪ್ ಇತ್ತಾ?" ಎಂದೂ ಕೇಳಬೇಕು. ಮದುವೆ ಮನೆಯಲ್ಲಿ ಚಾಲಕನಿಗೆ ಊಟದ ಎಲೆ ಹಾಕುತ್ತೇವೆ, ಜೊತೆಗೆ ಒಂದು ಚಾಪೆಯನ್ನೂ ಹಾಸಿಕೊಡಬೇಕು.

ಮಕ್ಕಳೇ, ನಿಮಗೊಂದು ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಮೂರು ಸೆಕೆಂಡಿನಲ್ಲಿ 50 ಮೀಟರ್ ಹೋಗುತ್ತದೆ. ಅಂದರೆ ಎರಡೂವರೆ ಕ್ರಿಕೆಟ್ ಪಿಚ್‌ನಷ್ಟು ದೂರ. ಕಣ್ಣು ಎಳೆದು ಬಿಡುವಷ್ಟರಲ್ಲಿ ಅಷ್ಟು ದೂರ ಗಾಡಿಗೆ ಯಜಮಾನನೇ ಇರುವುದಿಲ್ಲ. ಇನ್ನೊಂದು ಸಂಗತಿ: ಹದಿನೇಳು ಗಂಟೆ ಎಚ್ಚರವಿದ್ದವನ ಕೈ ಮತ್ತು ಗಮನ, ರಕ್ತದಲ್ಲಿ ನೂರು ಮಿಲಿಲೀಟರಿಗೆ ಸುಮಾರು 50 ಮಿಲಿಗ್ರಾಂ ಮದ್ಯ ಇದ್ದವನಷ್ಟೇ ಮಂದವಾಗುತ್ತವೆ ಎಂದು 1997ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಪರೀಕ್ಷಿಸಿ ತೋರಿಸಿದರು. ನಮ್ಮ ದೇಶದಲ್ಲಿ ಚಾಲಕನಿಗೆ ಇರುವ ಮಿತಿ 30 ಮಿಲಿಗ್ರಾಂ. ಬೆಳಿಗ್ಗೆ ಐದಕ್ಕೆ ಎದ್ದ ಅಪ್ಪ ರಾತ್ರಿ ಹತ್ತಕ್ಕೆ ಕಾರು ಹತ್ತಿದರೆ ಎಷ್ಟು ಗಂಟೆಯಾಯಿತು, ನೀವೇ ಎಣಿಸಿ.

ಕಿಟಕಿ ತೆರೆದರೆ, ಹಾಡು ಜೋರಾಗಿ ಹಾಕಿದರೆ, ಮುಖಕ್ಕೆ ನೀರು ಎರಚಿದರೆ ನಿದ್ದೆ ಹೋಗುವುದಿಲ್ಲ. ಸ್ವಲ್ಪ ಹೊತ್ತು ಮರೆಯಾಗಿ ನಿಲ್ಲುತ್ತದೆ ಅಷ್ಟೆ. ಕಾಫಿ ಕುಡಿದರೂ ಅದು ಮೈಗೆ ಹತ್ತಲು ಅರ್ಧ ಗಂಟೆಯಾದರೂ ಬೇಕು. ನಿದ್ದೆಗೆ ಮದ್ದು ನಿದ್ದೆಯೇ. ರಸ್ತೆಯಿಂದ ಪೂರ್ತಿ ಕೆಳಗೆ, ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನ ಅಂಗಳದಲ್ಲೋ ಗಾಡಿ ನಿಲ್ಲಿಸಿ, ಕಾಫಿ ಕುಡಿದು, ಇಪ್ಪತ್ತು ನಿಮಿಷ ಒರಗಿದರೆ ಸ್ವಲ್ಪ ದೂರಕ್ಕೆ ಅನುಕೂಲ. ರಾತ್ರಿಯೆಲ್ಲ ನಿದ್ದೆಗೆಟ್ಟವನಿಗೆ ಅದೂ ಸಾಲದು, ಅವನು ಮಲಗಿಯೇ ಏಳಬೇಕು. ಮುಂದಿನ ಸೀಟಿನಲ್ಲಿ ಕೂತವರು ಮಲಗಬಾರದು. ಮಾತಾಡಿಸುತ್ತ, ಚಾಲಕನ ಆಕಳಿಕೆ ಎಣಿಸುತ್ತ ಇರಬೇಕು. ಹಿಂದೆ ಕೂತ ಮಕ್ಕಳಿಗೆ ಗಾಡಿ ಗೆರೆಯ ಮೇಲೆ ಹೋಗುವುದು ಕಂಡರೆ "ಅಪ್ಪಾ, ನಿಲ್ಸು, ನಂಗೆ ಇಳೀಬೇಕು" ಎಂದು ಹಟ ಹಿಡಿಯಿರಿ. ಬೈದರೆ ಬೈಸಿಕೊಳ್ಳಿ.

ಅಜ್ಜ ಅಜ್ಜಿಯರೇ, ನಮ್ಮ ಪಾಲಿನ ಕೆಲಸ ಇನ್ನೂ ಸುಲಭ. ಮಕ್ಕಳು ರಾತ್ರಿ ಹೊರಡುವುದು ಎಷ್ಟೋ ಸಲ ನಮ್ಮಿಂದಲೇ. "ಹಬ್ಬದ ದಿನ ಬೆಳಿಗ್ಗೆ ಪೂಜೆ ಹೊತ್ತಿಗೆ ಇಲ್ಲಿರಬೇಕು" ಎಂದು ಫೋನಿನಲ್ಲಿ ಹೇಳುವವರು ನಾವೇ. ಆಫೀಸು ಮುಗಿಸಿ, ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರವನ್ನು ರಾತ್ರಿಯಲ್ಲೇ ಓಡಿಸಿಕೊಂಡು ಅವರು ಬರುತ್ತಾರೆ. ಪೂಜೆ ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ದೇವರೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಈ ಸಲ ಫೋನ್ ಮಾಡಿದಾಗ ಹೇಳಿ: "ಮಲಗಿ ಎದ್ದು ಬನ್ನಿ. ನಾವು ಕಾಯುತ್ತೇವೆ."